ಕೇಳುವವರಿಲ್ಲದ ಹಾಡುಗಳು

ಗೃಹಸ್ಥರ ಮನೆಯಲ್ಲಿ ಹಾಡಿಗೆ ಸ್ಥಳವಿಲ್ಲವೆಂದು ಯಾರೂ ಹೇಳಲಾರರು. ಹಸೆಗೊಂದು, ಆರತಿಗೊಂದು, ತೊಟ್ಟಿಲಿಗೊಂದು, ಬೀಸುವ ಕಲ್ಲಿಗೊಂದು ಎಂಬುದಾಗಿ ನಮ್ಮ ಹಿರಿಯರು ಒಂದೊಂದು ಕೆಲಸಕ್ಕೂ ಒಂದೊಂದು ಹಾಡನ್ನು ಗಂಟುಹಾಕಿಟ್ಟಿದ್ದರು. ಈ ತಿಂಗಳು ನಾನು ಬರೆಯಹೊರಟಿರುವ ಹಾಡುಗಳಿಗಾದರೋ ಇಂತಹ ಯಾವ ಕೆಲಸವೂ ಇಲ್ಲ. ಮೇಲಾಗಿ ಅವುಗಳನ್ನು ಕೇಳುವವರೂ ಇಲ್ಲ. ‘ಕೇಳುವವರಿಲ್ಲ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿರುವುದನ್ನು ವಾಚಕರು ಬಲ್ಲರು. ಕಿವಿಗೊಡುವವರಿಲ್ಲವೆಂಬುದು ಒಂದು, ದಿಕ್ಕುದೆಸೆ ವಿಚಾರಿಸುವವರಿಲ್ಲವೆಂಬುದು ಇನ್ನೊಂದು. ಈ ಹಾಡುಗಳ ಪಾಲಿಗೆ ಎರಡೂ ಸತ್ಯ.

ಇದನ್ನು ಬರೆಯಲು ಕಾರಣವಾದುದು ದೊಡ್ಡಬಳ್ಳಾಪುರದಿಂದ ಬಂದ ಒಂದು ಕಾಗದ. ಬರೆದವರು ಮನೆಯಲ್ಲಿಯೇ ವಿದ್ಯುತ್ ಮಗ್ಗಗಳನ್ನು ಹೂಡಿ ಸೀರೆ ನೇಯಿಸತಕ್ಕ ಗೃಹಸ್ಥರು. ಹೆಸರು ಅಚ್ಚುಮಾಡುವುದು ಬೇಡವೆಂದಿದ್ದಾರೆ. ಅವರ ಹಿರಿಯ ಮಗನಿಗೆ ಇಪ್ಪತ್ತಮೂರು ವರ್ಷ. ಹುಡುಗ ದುಡಿಮೆಯಲ್ಲಿ ಹಿಂದುಳಿದವನಲ್ಲ, ದುರಭ್ಯಾಸಗಳಿಲ್ಲ, ಹಿರಿಯರಲ್ಲಿ ಮರ್ಯಾದೆಯುಂಟು. ಆದರೆ ರಾತ್ರಿ ಮಗ್ಗಗಳು ನಿಂತ ಮೇಲೆ ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಎರಡು ಮೂರು ಗಂಟೆಗಳ ಕಾಲ ಮಸುಕು ಮಸುಕಾದ ಹಳೆಯ ವೀಡಿಯೋಗಳನ್ನು ನೋಡುತ್ತ ಕುಳಿತಿರುತ್ತಾನಂತೆ. ಅವುಗಳಲ್ಲಿ ಕಾಣುವವರಾರೂ ಸಿನಿಮಾ ನಟರಲ್ಲ, ಹೆಸರಾಂತ ಗಾಯಕರೂ ಅಲ್ಲ. “ಊರಿನವರು ಕೇಳುವ ಹಾಡನ್ನಾದರೂ ಕೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ, ಸ್ವಾಮಿ, ಯಾರೂ ಕೇಳದಿರುವುದನ್ನೇ ಹುಡುಕಿ ಹುಡುಕಿ ಕೇಳುತ್ತಾನಲ್ಲ, ಇದು ಏನು ರೋಗ?” ಎಂಬುದು ತಂದೆಯ ಪ್ರಶ್ನೆ. ಇದಲ್ಲದೆ ಹುಡುಗನ ಸೋದರಮಾವನವರು ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಒಂದು ಸಣ್ಣ ತಂಡದಲ್ಲಿ ಗಿಟಾರು ನುಡಿಸುತ್ತಿದ್ದವರು. ಅವರು ಕೊಟ್ಟ ಒಂದು ಟ್ರಂಕು ತುಂಬ ಕ್ಯಾಸೆಟ್ಟುಗಳೂ ವೀಡಿಯೋ ಟೇಪುಗಳೂ ಮನೆಯ ಮೂಲೆಯಲ್ಲಿ ಕುಳಿತಿವೆ. ಆಯುಧಪೂಜೆಗೆ ಮನೆ ಗುಡಿಸುವಾಗ ಅದನ್ನು ಗುಜರಿಯವನಿಗೆ ಹಾಕಿಬಿಡಬಹುದಷ್ಟೆ ಎಂದು ಕೇಳಿದ್ದಾರೆ.

ಕಾಗದಕ್ಕೆ ಉತ್ತರವನ್ನು ಒಂದೇ ಮಾತಿನಲ್ಲಿ ಬರೆಯಬಹುದಾಗಿತ್ತು: ಹಾಕಬೇಡಿ. ಆದರೆ ಕಾರಣ ಹೇಳದೆ ಬರಿಯ ಅಪ್ಪಣೆ ಕೊಡುವುದು ಈ ಅಂಕಣದ ಪದ್ಧತಿಯಲ್ಲ. ಮೇಲಾಗಿ ಇಂತಹ ಹುಡುಗರೂ ಹುಡುಗಿಯರೂ ಹೊಸಕೋಟೆ ನೆಲಮಂಗಲಗಳ ಮನೆಗಳಲ್ಲಿಯೂ ಇರಬಹುದಾದ್ದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿಸುವೆನು.

ರಾಕ್ ಸಂಗೀತವೆಂಬ ಹೆಸರನ್ನು ಕೇಳಿ ಕಲ್ಲುಬಂಡೆಯೆಂದು ಭಾವಿಸುವವರುಂಟು. ಇಂಗ್ಲಿಷಿನಲ್ಲಿ ಈ ಮಾತಿಗೆ ತೂಗುವುದು, ಓಲಾಡಿಸುವುದು ಎಂಬ ಅರ್ಥವೂ ಇದೆ. ತೊಟ್ಟಿಲನ್ನು ತೂಗುವುದಕ್ಕೂ ಅವರಲ್ಲಿ ಇದೇ ಮಾತು. ವಿದ್ಯುತ್ತಿನಿಂದ ಧ್ವನಿಯನ್ನು ಹಿಗ್ಗಿಸುವ ಗಿಟಾರು, ಅದರ ಕೆಳಗೆ ಮಂದ್ರದಲ್ಲಿ ನಡೆಯುವ ನಾಲ್ಕು ತಂತಿಯ ಬೇಸ್ ಗಿಟಾರು, ಒಬ್ಬನೇ ಕುಳಿತು ಕೈಕಾಲುಗಳೆರಡರಿಂದಲೂ ಬಾರಿಸುವ ಡ್ರಮ್ಮುಗಳು, ಒಂದು ಕಂಠ. ಇಷ್ಟಿದ್ದರೆ ಒಂದು ತಂಡ. ೧೯೫೦ರ ದಶಕದಲ್ಲಿ ಅಮೆರಿಕದಲ್ಲಿ, ಹೆಚ್ಚಾಗಿ ಅಲ್ಲಿನ ಕರಿಯರ ಬ್ಲೂಸ್ ಹಾಡುಗಳಿಂದ, ಇದು ಬೆಳೆದು ಬಂತು. ಬರಬರುತ್ತ ದೊಡ್ಡ ಕಂಪೆನಿಗಳ ಕೈಗೆ ಸಿಕ್ಕಿ ಭಾರೀ ವ್ಯಾಪಾರವಾಯಿತು. ಆ ವ್ಯಾಪಾರದ ಅಚ್ಚಿಗೆ ಬಗ್ಗದೆ, ಸಣ್ಣ ಕಂಪೆನಿಗಳಲ್ಲಿ ಪ್ಲೇಟು ಮಾಡಿಸಿಕೊಂಡು, ಕಾಲೇಜು ವಿದ್ಯಾರ್ಥಿಗಳು ನಡೆಸುವ ರೇಡಿಯೋಗಳಲ್ಲಿ ಮಾತ್ರ ಕೇಳಿಬರುತ್ತಿದ್ದ ತಂಡಗಳಿಗೆ ೧೯೮೦ರ ದಶಕದಲ್ಲಿ ‘ಆಲ್ಟರ್ನೇಟಿವ್’ ಎಂಬ ಹೆಸರು ಬಿತ್ತು. ಪರ್ಯಾಯವೆಂದು ಕನ್ನಡದಲ್ಲಿ ಹೇಳಬಹುದು. ಉಡುಪಿಯ ಪರ್ಯಾಯಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಬೇರೆ ಹೇಳಬೇಕಾದುದಿಲ್ಲ.

ಹಾಡಿಗೆ ಚಿತ್ರವನ್ನು ಕೂಡಿಸುವ ವಾಡಿಕೆ ಬಲಗೊಂಡದ್ದು ೧೯೮೧ರ ಆಗಸ್ಟ್ ೧ರಂದು ಅಮೆರಿಕದಲ್ಲಿ ಎಂ.ಟಿ.ವಿ. ಪ್ರಸಾರ ಮೊದಲಾದ ಮೇಲೆ. ನಮ್ಮ ದೇಶಕ್ಕೆ ಅದು ಉಪಗ್ರಹದ ಮೂಲಕ ಬಂದುದು ೧೯೯೧ರಲ್ಲಿ. ಅದೇ ವರ್ಷ ಆರ್.ಇ.ಎಂ. ಎಂಬ ಅಮೆರಿಕದ ತಂಡದ ‘ಲೂಸಿಂಗ್ ಮೈ ರಿಲಿಜನ್’ ಹಾಡಿನ ಚಿತ್ರ ಲೋಕಪ್ರಸಿದ್ಧವಾಯಿತು. ಅದನ್ನು ನಿರ್ದೇಶಿಸಿದವರು ಪಂಜಾಬಿನ ಜಾಲಂಧರದಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಆದರೆ ಹುಡುಗನ ಪ್ರೀತಿ ಇಂತಹ ಪ್ರಸಿದ್ಧವಾದುವುಗಳ ಮೇಲಲ್ಲವಷ್ಟೆ. ಆತನಿಗೆ ಪ್ರಿಯವೆಂದು ತಂದೆಯವರು ಬೇಸರದಿಂದ ವರ್ಣಿಸಿರುವ ಒಂದು ವೀಡಿಯೋವಿದೆ: “ಮೂರು ನಿಮಿಷ ಬರಿಯ ಧ್ವನಿಪೆಟ್ಟಿಗೆಯನ್ನೇ ತೋರಿಸುತ್ತಾರೆ” ಎಂದು. ಅದು ಯಾವುದೆಂದು ನನಗೆ ಕೂಡಲೆ ಗೊತ್ತಾಯಿತು. ಮಿನಿಯಾಪೊಲಿಸ್ ನಗರದ ‘ದಿ ರಿಪ್ಲೇಸ್‌ಮೆಂಟ್ಸ್’ ಎಂಬ ತಂಡದ ೧೯೮೫ರ ಹಾಡು ಅದು. ದೊಡ್ಡ ಕಂಪೆನಿ ಅವರನ್ನು ಸೇರಿಸಿಕೊಂಡಿತ್ತು. ಆ ಕಾಲದಲ್ಲಿ ವೀಡಿಯೋವಿಲ್ಲದೆ ಪ್ಲೇಟು ಮಾರುವುದು ಕಷ್ಟ. ಇವರಿಗೋ ಬಣ್ಣ ಬಳಿದುಕೊಂಡು ಕುಣಿಯುವುದೆಂದರೆ ಆಗದು. ಕೊನೆಗೆ ಮಾಡಿದ್ದೇನೆಂದರೆ, ಕ್ಯಾಮೆರಾವನ್ನು ಒಂದು ಧ್ವನಿಪೆಟ್ಟಿಗೆಯ ಮುಂದಿಟ್ಟು ಹಾಡನ್ನು ಹಾಕಿಬಿಟ್ಟರು. ಕಪ್ಪು ಬಿಳುಪಿನ ಚಿತ್ರ. ಕ್ಯಾಮೆರಾ ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತದೆ, ಸೋಫಾದ ಮೇಲೆ ಯಾರೋ ಒಬ್ಬ ಸಿಗರೇಟು ಸೇದುತ್ತ ಕೇಳುತ್ತಿರುವುದು ಕಾಣುತ್ತದೆ, ಕಡೆಯಲ್ಲಿ ಆತನೆದ್ದು ಆ ಪೆಟ್ಟಿಗೆಯನ್ನು ಒದೆಯುತ್ತಾನೆ. ಅಷ್ಟೇ. ತಮಾಷೆಯೆಂದರೆ, ನಮ್ಮ ಮನೆಗಳಲ್ಲಿ ಗ್ರಾಮಫೋನು ಬಂದ ಹೊಸದರಲ್ಲಿ ಎಲ್ಲರೂ ಮಾಡುತ್ತಿದ್ದುದೂ ಅದನ್ನೇ: ಹಾಡು ಬರುವ ಪೆಟ್ಟಿಗೆಯನ್ನೇ ನೋಡುತ್ತ ಕುಳಿತಿರುವುದು. ಸಿಗರೇಟೂ ಒದೆತವೂ ಮಾತ್ರ ನಮ್ಮಲ್ಲಿರಲಿಲ್ಲ.

ಒಳ್ಳೆಯದಾದರೆ ಜನ ತಾವಾಗಿಯೇ ಕೇಳುತ್ತಾರೆ, ಯಾರೂ ಕೇಳಲಿಲ್ಲವೆಂದರೆ ಸರಕೇ ಸರಿಯಿರಲಿಲ್ಲ ಎಂದು ತಂದೆಯವರು ವಾದಿಸಬಹುದು. ಮಾರುಕಟ್ಟೆಯನ್ನು ಬಲ್ಲ ನೇಕಾರರೇ ಹೀಗೆ ಹೇಳಿದರೆ ನನಗೆ ಆಶ್ಚರ್ಯವಾಗುತ್ತದೆ; ಸೀರೆ ಒಳ್ಳೆಯದಾಗಿದ್ದೂ ಅಂಗಡಿಗೆ ತಲುಪದೆ ಕೊಳೆತ ಸಂದರ್ಭಗಳು ಅವರಿಗೆ ತಿಳಿಯದವಲ್ಲ. ಮೆಂಫಿಸ್ ನಗರದ ‘ಬಿಗ್ ಸ್ಟಾರ್’ ತಂಡಕ್ಕೆ ಆದದ್ದು ಅಕ್ಷರಶಃ ಇದೇ. ೧೯೭೨ರಲ್ಲಿ ಅವರ ಮೊದಲನೆಯ ಪ್ಲೇಟು ಹೊರಬಂತು. ಪತ್ರಿಕೆಗಳಲ್ಲಿ ವಿಮರ್ಶಕರು ಹೊಗಳಿದರು. ಹೊಗಳಿಕೆಯನ್ನು ಓದಿದವರು ಅಂಗಡಿಗೆ ಹೋದರೆ ಅಲ್ಲಿ ಪ್ಲೇಟೇ ಇಲ್ಲ! ಹಂಚಿಕೆಯ ಕಂಪೆನಿಯವರ ವ್ಯವಸ್ಥೆ ಕೆಟ್ಟುಹೋಗಿತ್ತು. ೧೯೭೪ರಲ್ಲಿ ಬಂದ ಎರಡನೆಯ ಪ್ಲೇಟಿಗೂ ಅದೇ ಗತಿ. ಮೂರನೆಯದನ್ನು ಅದೇ ವರ್ಷ ಹಾಡಿಟ್ಟರೂ ಅದು ಹೊರಬಂದುದು ೧೯೭೮ರಲ್ಲಿ, ತಂಡ ಚದುರಿಹೋದ ಮೇಲೆ. ತಂಡವನ್ನು ಕಟ್ಟಿದವರಲ್ಲಿ ಒಬ್ಬನಾದ ಕ್ರಿಸ್ ಬೆಲ್ ಆ ವರ್ಷವೇ ಮೋಟಾರು ಅಪಘಾತದಲ್ಲಿ ಮಡಿದನು, ವಯಸ್ಸು ಇಪ್ಪತ್ತೇಳು. ಆತನೊಬ್ಬನೇ ಹಾಡಿಟ್ಟಿದ್ದ ಹಾಡುಗಳು ಸಂಪುಟವಾಗಿ ಹೊರಬಂದುದು ೧೯೯೨ರಲ್ಲಿ. ಈ ನಡುವೆ ಆ ಪ್ಲೇಟುಗಳು ಉಳಿದುಕೊಂಡದ್ದು ಹೇಗೆ? ಅಲ್ಲೊಬ್ಬ ಇಲ್ಲೊಬ್ಬ ಹುಡುಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡು, ಸ್ನೇಹಿತರಿಗೆ ಕೇಳಿಸಿ, ಟೇಪಿಗೆ ಇಳಿಸಿ ಕೊಟ್ಟು ಉಳಿಸಿದರು. ಹಾಗೆ ಕೇಳಿದ ಹುಡುಗರಲ್ಲಿ ಕೆಲವರು ಮುಂದೆ ತಾವೇ ತಂಡ ಕಟ್ಟಿದರು. ಮೇಲೆ ಹೇಳಿದ ರಿಪ್ಲೇಸ್‌ಮೆಂಟ್ಸ್ ತಂಡದವರಂತೂ ೧೯೮೭ರಲ್ಲಿ ಬಿಗ್ ಸ್ಟಾರಿನ ಗಾಯಕ ಅಲೆಕ್ಸ್ ಚಿಲ್ಟನ್ನನ ಹೆಸರನ್ನೇ ಒಂದು ಹಾಡಿಗೆ ಇಟ್ಟರು.

ಇದೆಲ್ಲ ಅಮೆರಿಕದ ಕಥೆಯಾಯಿತು. ನಮಗೇನೆಂದರೆ, ಬೆಂಗಳೂರಿಗೂ ಇದರಲ್ಲಿ ಒಂದು ಪಾಲಿದೆ. ೧೯೬೦ರ ದಶಕದಲ್ಲಿಯೇ ಇಲ್ಲಿ ಗಿಟಾರು ತಂಡಗಳಿದ್ದುವು. ೧೯೪೫ರಲ್ಲಿ ಇಲ್ಲಿ ಹುಟ್ಟಿದ, ಕೊಡವ ಮನೆತನದ ಬಿದ್ದು ಅಪ್ಪಯ್ಯ ಎಂಬುವರು ‘ಟ್ರೋಜನ್ಸ್’ ಎಂಬ ತಂಡದಲ್ಲಿ ಹಾಡಿ, ಲಂಡನ್ನಿಗೆ ಹೋಗಿ, ೧೯೭೪ರಲ್ಲಿ ‘ಕುಂಗ್ ಫೂ ಫೈಟಿಂಗ್’ ಎಂಬ ಹಾಡನ್ನು ಸಿದ್ಧಪಡಿಸಿ ಲೋಕವನ್ನೇ ಕುಣಿಸಿದರು. ಅದು ಎಲ್ಲರಿಗೂ ಗೊತ್ತು. ಟ್ರೋಜನ್ಸ್ ತಂಡವನ್ನು ಯಾರು ನೆನೆಯುತ್ತಾರೆ? ೧೯೭೦ ಮತ್ತು ೧೯೭೧ರಲ್ಲಿ ‘ಸಿಮ್ಲಾ ಬೀಟ್’ ಎಂಬ ಹೆಸರಿನಿಂದ ಅಖಿಲ ಭಾರತ ಸ್ಪರ್ಧೆಯನ್ನು ಒಂದು ಸಿಗರೇಟಿನ ಕಂಪೆನಿಯವರು ನಡೆಸಿ, ಚೆನ್ನಾಗಿ ನುಡಿಸಿದವರ ಪ್ಲೇಟು ಹೊರಡಿಸಿದರು. ಹಣ ಎಲ್ಲಿಂದ ಬಂತೆಂಬುದನ್ನು ಮೆಚ್ಚಲಾರೆ, ಪ್ಲೇಟನ್ನು ಮೆಚ್ಚುತ್ತೇನೆ. ಆ ಹುಡುಗರ ಧ್ವನಿ ಉಳಿದಿರುವುದು ಅದರಿಂದಲೇ. ಅದನ್ನು ಬಹುಕಾಲದ ಮೇಲೆ ಹುಡುಕಿ ಮರುಮುದ್ರಣ ಮಾಡಿದವರೂ ಹೊರದೇಶದ ಆಸಕ್ತರೇ.

ಇತ್ತೀಚಿನ ಕಾಲಕ್ಕೆ ಬಂದರೆ, ೨೦೦೩ರ ಏಪ್ರಿಲ್ಲಿನಲ್ಲಿ ರೋಲಿಂಗ್ ಸ್ಟೋನ್ಸ್, ೨೦೦೭ರ ಮಾರ್ಚಿಯಲ್ಲಿ ಐರನ್ ಮೇಡನ್, ೨೦೧೧ರ ಅಕ್ಟೋಬರಿನಲ್ಲಿ ಮೆಟಾಲಿಕಾ, ಹೀಗೆ ಜಗತ್ಪ್ರಸಿದ್ಧರಾದವರು ಅರಮನೆ ಮೈದಾನದಲ್ಲಿ ಬಂದು ನುಡಿಸಿದರು. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಇಂತಹವರು ನಮ್ಮ ಚಕ್ಕೋತದ ಸೀಮೆಯಲ್ಲಿಯೇ ಇಳಿದು ನಗರಕ್ಕೆ ಹೋಗುತ್ತಾರೆ. ದೇವನಹಳ್ಳಿಯ ಕಡೆಗೆ ಹೋಗುವ ದಾರಿಯ ಬಳಿ ಒಂದು ಕುದುರೆ ಸವಾರಿಯ ಶಾಲೆಯ ಬಯಲಿನಲ್ಲಿ ೨೦೧೬ರಲ್ಲಿ ‘ಎಕೋಸ್ ಆಫ್ ಅರ್ತ್’ ಎಂಬ ಸಂಗೀತೋತ್ಸವವೂ ಮೊದಲಾಯಿತು. ಬಿಸಾಡಿದ ಸಾಮಾನುಗಳಿಂದ ರಂಗಸ್ಥಳ ಕಟ್ಟುವುದು ಅದರ ವಿಶೇಷ. ಇವುಗಳಿಗೆಲ್ಲ ಜನ ಸೇರುತ್ತಾರೆ, ಪತ್ರಿಕೆಗಳು ಬರೆಯುತ್ತವೆ.

ಇದೇ ನಗರದ ಒಳಗಡೆ ಸದ್ದಿಲ್ಲದೆ, ಅಂದರೆ ಸದ್ದುಮಾಡಿಯೂ ಸುದ್ದಿಯಾಗದೆ, ಇದ್ದವರೇ ನಮ್ಮ ಹುಡುಗನ ಇಷ್ಟದೈವಗಳು. ೧೯೯೬ರಲ್ಲಿ ಆರಂಭವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡವನ್ನು ತೆಗೆದುಕೊಳ್ಳಿ. ಆ ಹೆಸರಿನ ಹಿಂದೆ ಒಂದು ತಮಾಷೆಯಿದೆ: ತಂಡದಲ್ಲಿ ಮೂವರು ಪೂರ್ಣ ಮಲಯಾಳಿಗಳು, ಒಬ್ಬರು ಕಾಲುಭಾಗ ಮಲಯಾಳಿ, ‘ತ್ರೀ ಮಲ್’ ಎಂಬುದೇ ನಾಲಗೆಯಲ್ಲಿ ತಿರುಗಿ ‘ಥರ್ಮಲ್’ ಆಯಿತು. ತಮ್ಮ ಸಂಗೀತಕ್ಕೆ ಅವರು ಇಟ್ಟುಕೊಂಡ ಹೆಸರು ‘ಬೆಂಗಳೂರು ರಾಕ್’. ಬೇರೆಯವರ ಹಾಡನ್ನು ಅನುಕರಿಸಿದರೆ ಚಪ್ಪಾಳೆ ಸುಲಭವಾಗಿ ಸಿಗುತ್ತಿದ್ದ ಕಾಲದಲ್ಲಿ ಸ್ವಂತ ಹಾಡುಗಳನ್ನೇ ಹಾಡುತ್ತ, ೨೦೦೨ರಲ್ಲಿ ‘ಜುಪಿಟರ್ ಕೆಫೆ’, ೨೦೧೨ರಲ್ಲಿ ಮೂರು ತಟ್ಟೆಗಳ ‘ಥ್ರೀ ವೀಲ್ಸ್ ನೈನ್ ಲೈವ್ಸ್’ ಹೊರತಂದರು. ಇವರಿಗಿಂತಲೂ ಕಡಿಮೆ ಜನಕ್ಕೆ ತಿಳಿದದ್ದು ‘ಲೌಂಜ್ ಪಿರಾನ್ಹ’ ಎಂಬ ತಂಡ. ೨೦೦೮ರಲ್ಲಿ ‘ಗೋಯಿಂಗ್ ನೋವೇರ್’ ಎಂಬ ಸಂಪುಟವನ್ನು ತಂದರು. ಹಾಡು ಬೇಗ ಪಲ್ಲವಿಗೆ ಬರಲಿ ಎಂದು ಕಾಯುವವರಿಗೆ ಅದು ರುಚಿಸದು. ಆಲಾಪನೆಗೆ ಒಗ್ಗಿದ ಕಿವಿಗೆ ರುಚಿಸಬಹುದು. ಗಿಟಾರಿನ ನಾದ ಅವಸರವಿಲ್ಲದೆ ಪದರಪದರವಾಗಿ ಕೂಡಿಬರುವ ಬಗೆಯದು ಅದು. ನನ್ನನ್ನು ಕೇಳಿದರೆ, ಅರಮನೆ ಮೈದಾನದಲ್ಲಿ ಆದ ಎಷ್ಟೋ ಅಬ್ಬರಗಳಿಗಿಂತ ಆ ತಟ್ಟೆಯೇ ಮೇಲು.

ಇಂಗ್ಲಿಷಿನ ಗೊಡವೆಯೇ ಬೇಡವೆನ್ನುವ ಗೃಹಸ್ಥರಿಗೆ ಕನ್ನಡದ ಉದಾಹರಣೆಯೂ ಉಂಟು. ಶಿಶುನಾಳ ಶರೀಫರು ೧೮೧೯ರಿಂದ ೧೮೮೯ರವರೆಗೆ ಬಾಳಿದವರು. ಅವರ ತತ್ವಪದಗಳು ಧಾರವಾಡದ ಸೀಮೆಯ ಭಜನೆಯವರ ಬಾಯಲ್ಲಿ ಉಳಿದಿದ್ದುವೇ ಹೊರತು ನಮ್ಮ ಈ ಕಡೆಯ ಪಟ್ಟಣಗಳಲ್ಲಿ ಅವುಗಳನ್ನು ಬಲ್ಲವರು ವಿರಳ. ಸಿ. ಅಶ್ವಥ್ ಅವರು ಅವುಗಳನ್ನು ಹಾಡಿ, ೧೯೯೦ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲೆ ಮನೆಮನೆಗೂ ತಿಳಿದುವು. ಅದೇ ಶರೀಫರ ಪದಗಳನ್ನು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಗಿಟಾರಿಗೆ ಕಟ್ಟಿ ೨೦೦೮ರಲ್ಲಿ ತಮ್ಮ ಮೊದಲ ಸಂಪುಟದಲ್ಲಿ ಹಾಡಿದರು. ಅವರೇನೂ ಮೊದಲಿನಿಂದಲೂ ಹೆಸರಾಂತವರಲ್ಲ; ಭರತನಾಟ್ಯವನ್ನು ಕಲಿತು, ಸೂಕ್ಷ್ಮಜೀವಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದು, ವರ್ಷಗಟ್ಟಲೆ ಸಣ್ಣ ಸಭೆಗಳಲ್ಲಿ ಹಾಡಿದ ಮೇಲೆ ೨೦೧೦ರಲ್ಲಿ ಬ್ರಿಟಿಷ್ ದೂರದರ್ಶನದಲ್ಲಿ ಕಾಣಿಸಿಕೊಂಡರು. ಅವರ ತಮ್ಮ ವಾಸು ದೀಕ್ಷಿತರ ‘ಸ್ವರಾತ್ಮ’ ತಂಡವೂ ಬೆಂಗಳೂರಿನದೇ. ವಾಸು ಅವರು ನಮ್ಮ ಜಾತ್ರೆಯ ಕೀಲುಕುದುರೆಯಂತಹ ಕುದುರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ರಂಗದ ಮೇಲೆ ಕುಣಿಯುವರು. ಘಾಟಿಯ ದನದ ಜಾತ್ರೆಯಲ್ಲಿ ತಿರುಗಾಡಿ ಬೆಳೆದವರಿಗೆ ಇದು ಪರಕೀಯವೆನಿಸಲಾರದು. ೨೦೦೯ರಲ್ಲಿ ಈ ತಂಡದವರ ಹಾಡುಗಳನ್ನು ಮುದ್ರಿಸಿದವರಲ್ಲಿ ಜಾನ್ ಲೆಕಿ ಒಬ್ಬರು. ಇಂಗ್ಲೆಂಡಿನ ‘ರೇಡಿಯೋಹೆಡ್’ ತಂಡದ ೧೯೯೫ರ ‘ದಿ ಬೆಂಡ್ಸ್’ ಸಂಪುಟವನ್ನು ಸಿದ್ಧಪಡಿಸಿದವರೂ ಅವರೇ. ಇಷ್ಟಾದರೂ ಸ್ವರಾತ್ಮದ ಹೆಸರನ್ನು ನೆಲಮಂಗಲದ ಪೇಟೆಬೀದಿಯಲ್ಲಿ ಕೇಳಿ ನೋಡಿ, ಎಷ್ಟು ಮಂದಿ ಬಲ್ಲರೆಂದು.

ಈಗ ಆ ಟ್ರಂಕಿನ ಸಂಗತಿ. ೨೦೦೦ರ ಈಚೆಗೆ ಸಣ್ಣ ತಂಡಗಳವರು ತಮ್ಮ ಹಾಡುಗಳನ್ನು ಇಡುತ್ತಿದ್ದುದು ‘ಮೈಸ್ಪೇಸ್’ ಎಂಬ ಅಂತರ್ಜಾಲದ ಉಗ್ರಾಣದಲ್ಲಿ. ಅಲ್ಲಿಟ್ಟರೆ ಶಾಶ್ವತವೆಂದು ಎಲ್ಲರೂ ನಂಬಿದ್ದರು. ೨೦೧೯ರಲ್ಲಿ ಆ ಕಂಪೆನಿಯವರು, ಸಾಮಗ್ರಿಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವಾಗ ಹನ್ನೆರಡು ವರ್ಷಗಳ ಸಂಗೀತ ನಷ್ಟವಾಯಿತೆಂದು ಒಪ್ಪಿಕೊಂಡರು. ಐದು ಕೋಟಿಗೂ ಮಿಕ್ಕ ಹಾಡುಗಳು, ಒಂದು ಕೋಟಿ ನಲವತ್ತು ಲಕ್ಷ ಕಲಾವಿದರದು ಎಂದು ಲೆಕ್ಕ ಹೇಳಿದರು. ಪ್ರಸಿದ್ಧರಾದವರ ಹಾಡು ಸಾವಿರ ಕಡೆ ಇರುವುದರಿಂದ ಅವರಿಗೆ ಏನೂ ಆಗಲಿಲ್ಲ. ನಷ್ಟವಾದದ್ದು ಬೇರೆಲ್ಲಿಯೂ ಪ್ರತಿಯಿಲ್ಲದವರದು. ತಂದೆಯವರ ಮನೆಯ ಮೂಲೆಯಲ್ಲಿರುವ ಟೇಪುಗಳಲ್ಲಿ ಅವರ ಭಾವಮೈದುನರ ತಂಡದ ಹಾಡುಗಳಿವೆಯೆಂದು ಕಾಗದದಿಂದಲೇ ತಿಳಿಯುತ್ತದೆ. ಆ ತಂಡ ಪ್ಲೇಟು ಹೊರಡಿಸಲಿಲ್ಲ. ಗುಜರಿಯವನ ತಕ್ಕಡಿಗೆ ಅದು ಬಿದ್ದರೆ ಆ ಹಾಡುಗಳು ಭೂಮಿಯ ಮೇಲೆ ಇನ್ನೆಲ್ಲಿಯೂ ಇರಲಾರವು. ಹಾಡಿದವರು ಇನ್ನೂ ಇದ್ದಾರೆ, ನಿಮ್ಮ ಮನೆಯಾಕೆಯ ಒಡಹುಟ್ಟಿದವರು ಅವರಲ್ಲಿ ಒಬ್ಬರು ಎಂಬುದನ್ನಾದರೂ ತಾವು ಯೋಚಿಸಬೇಕು.

ಹುಡುಕಿ ಕೂಡಿಡುವ ಈ ಹುಚ್ಚು ನಮ್ಮವರಿಗೆ ಹೊಸದೂ ಅಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ಅಟ್ಟಗಳಲ್ಲಿ ಹುಳು ತಿನ್ನುತ್ತಿದ್ದ ತಾಳೆಗರಿಗಳನ್ನು ಬೇಡಿ ತಂದು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಮಾಡಿಸಿದರು. ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರದ ಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅದೂ ಒಬ್ಬರ ಹವ್ಯಾಸವೇ ಆಗಿತ್ತು. ವಚನಗಳಿಗೂ ಗಿಟಾರಿನ ಹಾಡುಗಳಿಗೂ ಸಾಟಿಯೇ ಎಂದು ಕೋಪಿಸಿಕೊಳ್ಳುವವರಿಗೆ, ನಾನು ಹೋಲಿಸುತ್ತಿರುವುದು ಅಟ್ಟವನ್ನೂ ಟ್ರಂಕನ್ನೂ ಮಾತ್ರ ಎಂದು ಹೇಳಿ ಮುಂದಕ್ಕೆ ಹೋಗುತ್ತೇನೆ.

‘ಬರಿಯ ಗದ್ದಲ’ ಎಂಬ ದೂರಿನ ವಿಷಯದಲ್ಲಿ ತಂದೆಯವರು ನನ್ನನ್ನು ಕ್ಷಮಿಸಬೇಕು. ಹಗಲೆಲ್ಲ ಮಗ್ಗಗಳ ಲಟಪಟದ ನಡುವೆ ಕುಳಿತು, ಮಗನ ಕಿವಿಯೊಳಗೆ ಮಾತ್ರ ಕೇಳುವ ಹಾಡನ್ನು ಗದ್ದಲವೆನ್ನುವುದು ದೊಡ್ಡಬಳ್ಳಾಪುರದವರಿಗೆ ಒಪ್ಪುವುದಿಲ್ಲ. ಒಂದು ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಡೆಯುವಾಗ ಒಂದರ ಲಯ ಇನ್ನೊಂದರ ಮೇಲೆ ಬಿದ್ದು ಕೆಲವು ಸಲ ಕೂಡಿ, ಕೆಲವು ಸಲ ಅಗಲುವುದನ್ನು ಅವರೂ ಕೇಳಿದ್ದಾರೆ. ಹುಡುಗನ ಕಿವಿ ತಯಾರಾದದ್ದು ಅಲ್ಲಿಯೇ ಇರಬಹುದು.

ಆದರೆ ಒಂದು ವಿಷಯದಲ್ಲಿ ನಾನು ಸಂಪೂರ್ಣವಾಗಿ ತಂದೆಯವರ ಕಡೆ. ಹಗಲು ಮಗ್ಗದ ಸದ್ದು, ರಾತ್ರಿ ಕಿವಿಯಂತ್ರ, ಇವೆರಡೂ ಕೂಡಿದರೆ ಕಿವಿಗೆ ವಿಶ್ರಾಂತಿಯೆಲ್ಲಿ? ೮೦ ಡೆಸಿಬೆಲ್ಲಿನಷ್ಟು ಶಬ್ದವನ್ನು ವಾರಕ್ಕೆ ೪೦ ಗಂಟೆಗಳವರೆಗೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಶಬ್ದ ಹೆಚ್ಚಿದಷ್ಟೂ ಈ ಗಂಟೆಗಳು ಬಹು ಬೇಗ ಇಳಿಯುತ್ತವೆ. ಮಗ್ಗದ ಮನೆಯವರಿಗೆ ಈ ಗಡುವು ಹಗಲಿನಲ್ಲಿಯೇ ಮುಗಿದಿರುವ ಸಂಭವವುಂಟು. ಒಳಗಿನ ಕೂದಲಿನಂತಹ ಸೂಕ್ಷ್ಮ ಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಮಗ್ಗದ ಬಳಿ ಕೆಲಸ ಮಾಡುವಾಗ ಕಿವಿಗೆ ಬಿರಡೆ ಹಾಕಿಕೊಳ್ಳಲಿ. ರಾತ್ರಿ ಕಿವಿಯಂತ್ರವನ್ನು ತೆಗೆದಿಟ್ಟು ಸಣ್ಣ ಧ್ವನಿಪೆಟ್ಟಿಗೆಯಲ್ಲಿ ಮೆಲ್ಲಗೆ ಹಾಕಿಕೊಳ್ಳಲಿ. ಆಗ ಮನೆಯವರೆಲ್ಲರೂ ಕೇಳಬೇಕಾಗುತ್ತದೆಂಬುದು ಬೇರೆ ಮಾತು. ಮೊದಲು ಶರೀಫರ ಪದದಿಂದ ಆರಂಭಿಸುವಂತೆ ಮಗನಿಗೆ ಹೇಳಿ.

ಟ್ರಂಕಿನ ವಿಷಯದಲ್ಲಿ ಮಾಡಬೇಕಾದುದನ್ನು ಹುಡುಗನಿಗೇ ಬರೆಯುತ್ತಿದ್ದೇನೆ. ಅಪ್ಪಾ, ಟೇಪುಗಳನ್ನು ಮಲಗಿಸಬೇಡ, ಪುಸ್ತಕದಂತೆ ನಿಲ್ಲಿಸಿಡು. ಆರ್ದ್ರತೆಯಿಂದ ಬೂಷ್ಟು ಹಿಡಿಯುತ್ತದಾದ್ದರಿಂದ ತಗಡಿನ ಟ್ರಂಕನ್ನು ನೆಲದ ಮೇಲಿಡದೆ ಮಣೆಯ ಮೇಲೆ, ಗೋಡೆಗೆ ತಗಲದಂತೆ ಇಡು. ಧ್ವನಿಪೆಟ್ಟಿಗೆಗಳಲ್ಲಿಯೂ ಮೋಟಾರುಗಳಲ್ಲಿಯೂ ಅಯಸ್ಕಾಂತವಿರುವುದರಿಂದ ಮಗ್ಗದ ಮನೆಯಿಂದ ದೂರವಿರಲಿ. ಬೂಷ್ಟು ಕಂಡ ಟೇಪನ್ನು ಯಂತ್ರಕ್ಕೆ ಹಾಕಿದರೆ ಅದು ಉಳಿದವುಗಳಿಗೂ ಅಂಟುತ್ತದೆ. ಅದನ್ನು ಬೇರೆ ತೆಗೆದಿಟ್ಟು ಬಲ್ಲವರ ಕೈಗೆ ಕೊಡು. ಮಿಕ್ಕವುಗಳನ್ನು ಮೊದಲು ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ ಸಡಿಲಮಾಡಿ, ಆಮೇಲೆ ಗಣಕಕ್ಕೆ ಇಳಿಸು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಹಿಡಿಯುವುದು, ಅವಸರದ ದಾರಿಯಿಲ್ಲ. ಇಳಿಸ ಹೊರಡುವಾಗ ಒಂದೇ ಒಂದು ಪ್ರತಿ ಇರುವುದನ್ನು ಮೊದಲು ತೆಗೆದುಕೋ, ಪೇಟೆಯಲ್ಲಿ ಸಿಗುವುದು ಕಡೆಗಿರಲಿ. ಎರಡು ಪ್ರತಿ ಮಾಡಿ ಒಂದನ್ನು ನಿನ್ನ ಸೋದರಮಾವನವರ ಮನೆಯಲ್ಲಿಡು. ಅವರು ನಿನ್ನ ಪಕ್ಕದಲ್ಲಿ ಕುಳಿತಿರುವಾಗ ಪ್ರತಿಯೊಂದು ಟೇಪಿನಲ್ಲಿಯೂ ಯಾರು ಹಾಡಿದರು, ಯಾವ ಊರಿನಲ್ಲಿ, ಯಾವ ವರ್ಷ, ಡ್ರಮ್ಮು ಬಾರಿಸಿದವರು ಯಾರು ಎಂಬುದನ್ನು ಕೇಳಿ ಬರೆದುಕೋ. ಆಯುಧಪೂಜೆಗೆ ಇನ್ನೂ ದಿನಗಳಿವೆ.